ಇಂಟರ್ನ್‌ಶಿಪ್ ಸಿಗದೆ ಊರಿಗೆ ಬಂದ ಮಕ್ಕಳಿಗೆ ಕೊಡಗಿನಲ್ಲೇ ಕೆಲಸವಿದೆ, ಬಾಗಿಲು ತೆರೆಯಿರಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಮತ್ತು ಕೊಡಗಿನಲ್ಲಿರುವ ಸಂಶೋಧನಾ ಕೇಂದ್ರಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಏಪ್ರಿಲ್ ಬಂತೆಂದರೆ ಅಧ್ಯಾಪಕರ ಕೊಠಡಿಗೆ ಬರುವ ವಿದ್ಯಾರ್ಥಿಗಳದ್ದು ಒಂದೇ ಪ್ರಶ್ನೆ: "ಮೇಡಂ, ಎಲ್ಲೂ ಇಂಟರ್ನ್‌ಶಿಪ್ ಸಿಗಲಿಲ್ಲ, ಈ ರಜೆಯಲ್ಲಿ ಏನು ಮಾಡಲಿ?" ಕೇಳುವವರು ನಮ್ಮ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಮಕ್ಕಳಷ್ಟೇ ಅಲ್ಲ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾ ರಜೆಗೆ ಊರಿಗೆ ಬಂದ ನೆರೆಮನೆಯ ಮಕ್ಕಳೂ ಇದನ್ನೇ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ನನಗಿಂತ ಹೆಚ್ಚಾಗಿ ತಮಗಿದೆ. ಆದ್ದರಿಂದ ಈ ಪತ್ರ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಜಿಲ್ಲೆಯ ಪ್ರತಿಯೊಂದು ಇಲಾಖಾ ಕಚೇರಿ, ಸಂಶೋಧನಾ ಕೇಂದ್ರ ಮತ್ತು ಗ್ರಾಮ ಪಂಚಾಯಿತಿ ರಜೆಯ ಆರು ವಾರಗಳ ಕಾಲ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಅವರಿಗೆ ನಿಜವಾದ ಕೆಲಸ ಕೊಡಲಿ. ಆ ಕೆಲಸ ಏನು, ಯಾರ ಕೈಕೆಳಗೆ, ಯಾವಾಗಿನಿಂದ ಎಂಬುದು ಜನವರಿ ಮುಗಿಯುವುದರೊಳಗೆ ಎಲ್ಲ ಕಾಲೇಜುಗಳ ಸೂಚನಾ ಫಲಕಕ್ಕೆ ತಲುಪಲಿ.

ಇಂಟರ್ನ್‌ಶಿಪ್ ಎಂಬುದು ಈಗ ಆಸಕ್ತಿ ಇದ್ದವರು ಮಾಡುವ ಹೆಚ್ಚುವರಿ ಕೆಲಸವಾಗಿ ಉಳಿದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇಂಜಿನಿಯರಿಂಗ್ ಪದವಿಗೆ ಅದನ್ನು ಕಡ್ಡಾಯ ಮಾಡಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರ್‌ನಲ್ಲಿ ಹೊರತಂದ ನಾಲ್ಕು ವರ್ಷಗಳ ಪದವಿ ಚೌಕಟ್ಟಿನಲ್ಲೂ ಬೇಸಿಗೆ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇದೆ. ಕರ್ನಾಟಕ 2024–25ರಿಂದ ಮೂರು ವರ್ಷಗಳ ಪದವಿಗೆ ಮರಳಿತಾದರೂ ಕೆಲಸ ಕೊಡುವವರು ಅನುಭವ ಕೇಳುವುದನ್ನು ಬಿಟ್ಟಿಲ್ಲ. ನಿಯಮ ಎಲ್ಲರಿಗೂ ಒಂದೇ, ಆದರೆ ಅವಕಾಶ ಎಲ್ಲರಿಗೂ ಒಂದೇ ಅಲ್ಲ. ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ಕೂಡ್ಲೂರಿನ ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ (ಬೀಜ ಬಿಡಿಸಿ ಹದಗೊಳಿಸುವ) ಘಟಕಗಳಂಥ ಕೆಲವನ್ನು ಬಿಟ್ಟರೆ ಹೇಳಿಕೊಳ್ಳುವಂಥ ಕೈಗಾರಿಕೆ ಇಲ್ಲ. ಬೆಂಗಳೂರಿನಲ್ಲಿ ಮನೆ ಇರುವ ಹುಡುಗ ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಮೆಟ್ರೊ ಹತ್ತಿ ಹೋಗಿ ಬರುತ್ತಾನೆ. ನಾಪೋಕ್ಲಿನ ಹುಡುಗಿ ಅದೇ ಕೆಲಸಕ್ಕೆ ಎರಡು ತಿಂಗಳ ಪಿ.ಜಿ. ಬಾಡಿಗೆ, ಮುಂಗಡ, ಊಟದ ಖರ್ಚು ಹೊಂದಿಸಬೇಕು. ಎರಡು ಎಕರೆ ತೋಟದ ಅಪ್ಪ ಆ ಹಣವನ್ನು ಎಲ್ಲಿಂದ ತರಬೇಕು?

ಸರ್ಕಾರಿ ಯೋಜನೆಗಳಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ ತಿಂಗಳಿಗೆ 5,000 ರೂಪಾಯಿ ನಿಗದಿಯಾಗಿತ್ತು. ಆದರೆ ಅದು 12 ತಿಂಗಳ ತರಬೇತಿ, ಪೂರ್ಣಾವಧಿ ಓದಿನಲ್ಲಿ ಇರುವವರಿಗೆ ಅದರಲ್ಲಿ ಜಾಗವಿರಲಿಲ್ಲ. ರಾಜ್ಯದ ಯುವನಿಧಿ ಓದು ಮುಗಿಸಿಯೂ ಕೆಲಸ ಸಿಗದವರಿಗೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಬಹಳ ಒಳ್ಳೆಯದು, ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ ಮಾಡಬಹುದು, ಗೌರವಧನವೂ ಇದೆ. ಆದರೆ ಅದರ ಅರ್ಜಿ ಹಿಂದಿನ ವರ್ಷದ ನವೆಂಬರ್ ಹೊತ್ತಿಗೆ ಮುಗಿದುಹೋಗಿರುತ್ತದೆ. ಹೀಗಾಗಿ ಎರಡನೇ ವರ್ಷದ ಪದವಿಯಲ್ಲಿರುವ, ಏಪ್ರಿಲ್‌ನಲ್ಲಿ ಕೈ ಖಾಲಿ ಇರುವ ವಿದ್ಯಾರ್ಥಿಗೆ ಇವುಗಳಲ್ಲಿ ಯಾವುದೂ ಒದಗುವುದಿಲ್ಲ.

ಆ ಖಾಲಿ ಜಾಗಕ್ಕೆ ಬೇರೆಯವರು ಬಂದು ಕುಳಿತಿದ್ದಾರೆ. ಎರಡು ಮೂರು ಸಾವಿರ ರೂಪಾಯಿ ಕಟ್ಟಿಸಿಕೊಂಡು, ನಾಲ್ಕು ವಿಡಿಯೊ ತೋರಿಸಿ, ಹೊಳೆಯುವ ಪ್ರಮಾಣಪತ್ರವನ್ನು ಇಮೇಲ್ ಮಾಡುವ ಜನ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಅದನ್ನು ಕೊಂಡಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಹೆದರಿಕೆಯನ್ನು ಮಾರಿ ಹಣ ಮಾಡುವವರ ಮೇಲೆ ತುಂಬ ಸಿಟ್ಟಿದೆ. ತಾಯಿ ಚೀಟಿ ಹಣದಲ್ಲಿ ಉಳಿಸಿ ಕೊಟ್ಟದ್ದನ್ನು ಕಟ್ಟಿ ಪಡೆದ ಆ ಕಾಗದದ ಬಗ್ಗೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆ ಬಂದರೆ ಮಕ್ಕಳಿಗೆ ಉತ್ತರ ಇರುವುದಿಲ್ಲ.

ಇಷ್ಟೆಲ್ಲ ಆಗುತ್ತಿರುವುದು ಕೆಲಸ ರಾಶಿ ಬಿದ್ದಿರುವ ಜಿಲ್ಲೆಯಲ್ಲಿ ಎಂಬುದೇ ನನ್ನನ್ನು ಕಾಡುವ ಸಂಗತಿ. ಕೆಲವು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಮಳೆಯ ಲೆಕ್ಕ. ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇದೆ ಎಂಬುದು ತಮಗೆ ಗೊತ್ತೇ ಇದೆ. ಅಂಗಳದ ಮೂಲೆಯಲ್ಲಿ ಮಳೆಮಾಪಕ, ಬೆಳಗ್ಗೆ ಎದ್ದು ಅಳತೆ ಗಾಜಿಗೆ ನೀರು ಸುರಿದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವುದು. ನೂರು ಸೆಂಟ್‌ಗೆ ಒಂದು ಇಂಚು. ಮಾದಾಪುರದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಇಂಟರ್ನ್‌ಶಿಪ್ ಸಿಗದ ರಜೆಯಲ್ಲಿ ತನ್ನ ಅಜ್ಜನ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿದಳು. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರಿಗೆ ತರುವುದು ಸುಲಭದ ಭಾಗ. ತೊಡಕು ಬೇರೆ ಕಡೆ ಇತ್ತು. ಹವಾಮಾನ ಇಲಾಖೆ ಬೆಳಗ್ಗೆ 8.30ಕ್ಕೆ ಅಳೆದು ಹಿಂದಿನ 24 ಗಂಟೆಗಳ ಮಳೆಯನ್ನು ಆ ದಿನದ ಲೆಕ್ಕಕ್ಕೆ ಬರೆಯುತ್ತದೆ. ಅಜ್ಜ ಕೆಲವು ವರ್ಷ ಬೆಳಗ್ಗೆ ಅಳೆದಿದ್ದರು, ಕೆಲವು ವರ್ಷ ಸಂಜೆ. ಕೆಲವು ಪುಟಗಳಲ್ಲಿ ನಿನ್ನೆಯ ಮಳೆಯನ್ನು ನಿನ್ನೆಯ ತಾರೀಕಿಗೇ ಬರೆದಿದ್ದರು. ಅಂಚಿನಲ್ಲಿ ಬರೆದ ಸಣ್ಣ ಮಾತುಗಳು ಅವಳ ನೆರವಿಗೆ ಬಂದವು: "ಹೂಮಳೆ, ಸಾಲದು" (ಹೂಮಳೆ ಎಂದರೆ ಕಾಫಿ ಹೂ ಅರಳಿಸುವ ಮಳೆ), "ಸೇತುವೆ ಮೇಲೆ ನೀರು, ಬಸ್ ಇಲ್ಲ", "ರಾತ್ರಿಯಿಡೀ". ಬಸ್ ಇಲ್ಲದ ದಿನವನ್ನು ಮನೆಯವರ ನೆನಪಿನ ಜೊತೆ ತಾಳೆ ಹಾಕಿ ಯಾವ ಪುಟಗಳಲ್ಲಿ ತಾರೀಕು ಒಂದು ದಿನ ಆಚೀಚೆ ಆಗಿದೆ ಎಂದು ಗುರುತಿಸಿದಳು. ಹೇಗೆ ಗುರುತಿಸಿದೆ, ಎಲ್ಲಿ ತನಗೆ ಅನುಮಾನ ಉಳಿದಿದೆ ಎಂದು ಒಂದು ಪುಟದಲ್ಲಿ ಬರೆದಳು. ಆ ಪುಟವನ್ನು ನಾನು ಈಗಲೂ ತರಗತಿಯಲ್ಲಿ ಓದಿಸುತ್ತೇನೆ. ದತ್ತಾಂಶ ವಿಶ್ಲೇಷಣೆ ಎಂದು ಕಂಪನಿಗಳು ದೊಡ್ಡ ಹೆಸರಿನಿಂದ ಕರೆಯುವ ಕೆಲಸದ ತಿರುಳೇ ಅದು.

ಈಗ ಅದನ್ನು ಜಿಲ್ಲೆಯ ಮಟ್ಟಕ್ಕೆ ಹಿಗ್ಗಿಸಿ ನೋಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಜಾರಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೂರಮಾಪನ ಮಳೆಮಾಪಕಗಳು ಇಂದಿನ ಮಳೆಯನ್ನು ಹೇಳುತ್ತವೆ. ಆದರೆ ಐವತ್ತು ಅರವತ್ತು ವರ್ಷಗಳ ಹಿಂದೆ ಒಂದು ಬೆಟ್ಟದ ಬುಡದಲ್ಲಿ ಒಂದೇ ರಾತ್ರಿ ಎಷ್ಟು ಸುರಿದಿತ್ತು ಎಂಬುದು ಇರುವುದು ತೋಟದ ಮನೆಯ ಕಪಾಟಿನಲ್ಲಿ. ಗೆದ್ದಲು ಹಿಡಿಯುವ ಮುನ್ನ ಅದನ್ನು ಉಳಿಸಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಒಂದು ನಮೂನೆ ಸಿದ್ಧಪಡಿಸಿ, ಹೋಬಳಿಗೆ ಇಬ್ಬರು ವಿದ್ಯಾರ್ಥಿಗಳನ್ನು ಕಳುಹಿಸಿದರೆ ಎರಡು ಮೂರು ಬೇಸಿಗೆಯಲ್ಲಿ ಕೊಡಗಿಗೆ ಬೇರೆಲ್ಲೂ ಸಿಗದ ಮಳೆಯ ದಾಖಲೆ ಸಿಗುತ್ತದೆ. ಪುಸ್ತಕ ಮನೆಯಲ್ಲೇ ಇರಲಿ. ಫೋಟೊ ತೆಗೆದು, ಮನೆಯವರ ಒಪ್ಪಿಗೆಯ ಸಹಿ ಪಡೆದು ಹಿಂದಿರುಗಿಸಿದರಾಯಿತು.

ಎರಡನೆಯದು ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಪುಟ್ಟ ಜಿಲ್ಲೆಯದು. ಇಟಲಿ, ಜರ್ಮನಿ, ಬೆಲ್ಜಿಯಂ ಅದರ ದೊಡ್ಡ ಗಿರಾಕಿಗಳು. ಯುರೋಪಿಯನ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ನಿಯಮ ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಇದಲ್ಲ ಎಂಬುದಕ್ಕೆ ಪುರಾವೆ ಬೇಕು, ತೋಟದ ಅಕ್ಷಾಂಶ ರೇಖಾಂಶ ಬೇಕು. ನಾಲ್ಕು ಹೆಕ್ಟೇರ್‌ಗಿಂತ ದೊಡ್ಡ ತೋಟವಾದರೆ ಗಡಿರೇಖೆಯನ್ನೇ ಗುರುತಿಸಿ ಕೊಡಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಾ ಬಂದಿದೆ, ಆದರೆ ನಿಯಮ ಹೋಗಿಲ್ಲ. ಕಾಫಿ ಮಂಡಳಿ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ನಡೆಸುತ್ತಿದೆ. ದೊಡ್ಡ ಎಸ್ಟೇಟ್‌ಗಳಿಗೆ ಇದು ಗುಮಾಸ್ತರ ಕೆಲಸ. ಬಿರುನಾಣಿಯ ಕಡೆ ಮೂರು ಎಕರೆ ಇಟ್ಟುಕೊಂಡು, ಮಕ್ಕಳೆಲ್ಲ ಹೊರಗಿರುವ ಎಪ್ಪತ್ತು ದಾಟಿದ ಹಿರಿಯರಿಗೆ?

ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳ ಜೊತೆ ಇಬ್ಬರು ವಿದ್ಯಾರ್ಥಿಗಳನ್ನು ಬಿಡಿ. ಭೂಗೋಳ ಓದುವವರಿಗೆ ನಕ್ಷೆಯ ಕೆಲಸ, ಬಿ.ಸಿ.ಎ. ಓದುವವರಿಗೆ ಆ್ಯಪ್ ಎಲ್ಲಿ ತಡವರಿಸುತ್ತದೆ ಎಂಬುದರ ವರದಿ, ವಾಣಿಜ್ಯದವರಿಗೆ ದಾಖಲೆ ಪರಿಶೀಲನೆ. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯ ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಮುಖ್ಯಸ್ಥರ) ಹೆಸರೊಂದು, ಅನುಭವದಲ್ಲಿರುವ ಕುಟುಂಬದವರು ಹತ್ತಾರು ಮಂದಿ. ಈ ಗಂಟು ಹೇಗಿದೆ ಎಂದು ತೋಟದಲ್ಲಿ ನಿಂತು ಕಲಿತ ವಿದ್ಯಾರ್ಥಿ ಮುಂದೆ ಬ್ಯಾಂಕಿಗೆ ಹೋಗಲಿ, ವಕೀಲಿಕೆಗೆ ಹೋಗಲಿ, ಕೆ.ಎ.ಎಸ್. ಬರೆಯಲಿ, ಆ ತಿಳಿವಳಿಕೆ ಅವನ ಜೊತೆ ಇರುತ್ತದೆ. ಒಂದು ಎಚ್ಚರಿಕೆ ಮಾತ್ರ: ಒ.ಟಿ.ಪಿ., ಬ್ಯಾಂಕ್ ವಿವರಗಳು ಬೆಳೆಗಾರರ ಕೈಯಲ್ಲೇ ಇರಬೇಕು, ವಿದ್ಯಾರ್ಥಿ ಅವನ್ನು ಮುಟ್ಟಕೂಡದು.

ಬಿ.ಕಾಂ. ಮಕ್ಕಳಿಗೆ ಇನ್ನೊಂದು ಕೆಲಸವಿದೆ, ಅದಕ್ಕೆ ಯಾರ ಅನುಮತಿಯೂ ಬೇಡ. ರೊಬಸ್ಟಾ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) 50 ಕಿಲೊ ಚೀಲದಲ್ಲಿ ಎಷ್ಟು ಕಿಲೊ ಕಾಫಿ ಬೀಜ ಇಳಿಯುತ್ತದೆ ಎಂಬ ಔಟ್‌ಟರ್ನ್ ಲೆಕ್ಕದ ಮೇಲೆ ನಮ್ಮ ಬೆಳೆಗಾರನಿಗೆ ದರ ಸಿಗುತ್ತದೆ. ಅದು 26 ಬಂತೇ 27 ಬಂತೇ ಎಂಬುದರಲ್ಲಿ ವರ್ಷದ ಲಾಭದ ದೊಡ್ಡ ಪಾಲು ಅಡಗಿದೆ. ಗೊಬ್ಬರ, ಮರಗಪಾತು (ನೆರಳಿನ ಮರಗಳ ಕೊಂಬೆ ಸವರುವುದು), ಚಿಗುರು ತೆಗೆಯುವ ಕೂಲಿ, ಕೊಯ್ಲು, ಪಿಕಪ್ ಬಾಡಿಗೆ ಎಲ್ಲ ಸೇರಿಸಿ ಒಂದು ಚೀಲಕ್ಕೆ ತಗಲಿದ ವೆಚ್ಚ ಎಷ್ಟು ಎಂದು ಕೇಳಿದರೆ ಬಹಳ ಮನೆಗಳಲ್ಲಿ ಅಂದಾಜು ಸಿಗುತ್ತದೆ, ಅಂಕಿ ಸಿಗುವುದಿಲ್ಲ. ಮೂರು ನಾಲ್ಕು ಮನೆಗಳ ಒಂದು ವರ್ಷದ ಲೆಕ್ಕವನ್ನು ರಸೀದಿ ಸಮೇತ ಸರಿಯಾಗಿ ಕಟ್ಟಿಕೊಟ್ಟ ವಿದ್ಯಾರ್ಥಿಯನ್ನು ವೆಚ್ಚ ಲೆಕ್ಕಶಾಸ್ತ್ರದಲ್ಲಿ ಯಾರೂ ಅಲುಗಾಡಿಸಲಾರರು.

ಸಂಶೋಧನಾ ಕೇಂದ್ರಗಳ ಮುಖ್ಯಸ್ಥರಲ್ಲಿ ಪ್ರತ್ಯೇಕವಾಗಿ ಬಿನ್ನವಿಸುತ್ತೇನೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಅಲ್ಲೇ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ, ಕೊಡಗಿನ ಕಿತ್ತಳೆಯಿಂದ ಬೆಣ್ಣೆಹಣ್ಣು, ರಂಬೂಟಾನ್‌ವರೆಗೆ ಕೆಲಸ ನಡೆಯುತ್ತಿದೆ. ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ಇಷ್ಟು ಸಣ್ಣ ಜಿಲ್ಲೆಗೆ ಇದು ದೊಡ್ಡ ಭಾಗ್ಯ. ಹೀಗಿದ್ದೂ ಪಕ್ಕದ ಊರಿನ ಸಸ್ಯಶಾಸ್ತ್ರದ ವಿದ್ಯಾರ್ಥಿ ಆ ಗೇಟನ್ನು ಒಮ್ಮೆಯೂ ದಾಟದೆ ಪದವಿ ಮುಗಿಸುತ್ತಾನೆ. ಕೃಷಿ, ತೋಟಗಾರಿಕೆ, ಅರಣ್ಯ ಪದವಿಯವರಿಗೆ ತಾವು ತರಬೇತಿ ಕೊಡುತ್ತೀರಿ ಎಂಬುದು ಗೊತ್ತು. ಸಾಮಾನ್ಯ ಬಿ.ಎಸ್‌ಸಿ. ಮಕ್ಕಳಿಗೂ ಅದೇ ಬಾಗಿಲಿನಲ್ಲಿ ಸ್ವಲ್ಪ ಜಾಗ ಕೊಡಿ. ಅವರಿಗೆ ಕಸಿ ಕಟ್ಟಲು ಬಾರದು, ನಿಜ. ಆದರೆ ಕಾಂಡಕೊರಕದ ಗಿಡ ಎಣಿಸಲು, ಮಣ್ಣಿನ ಮಾದರಿಗೆ ಚೀಟಿ ಬರೆಯಲು, ಎಲೆಯ ವಿಸ್ತೀರ್ಣ ಅಳೆಯಲು, ಹಳೆಯ ಪ್ರಯೋಗಗಳ ದಾಖಲೆಯನ್ನು ಕ್ರಮವಾಗಿ ಜೋಡಿಸಲು ವಾರದಲ್ಲಿ ಕಲಿಯುತ್ತಾರೆ. ವಿಜ್ಞಾನಿಯೊಬ್ಬರು ಅನುಮಾನ ಬಂದ ಅಳತೆಯನ್ನು ಮತ್ತೆ ತೆಗೆಯುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಪಠ್ಯಪುಸ್ತಕ ಬೇರೆಯಾಗಿಯೇ ಕಾಣುತ್ತದೆ.

ಗ್ರಾಮ ಪಂಚಾಯಿತಿಗಳ ವಿಷಯಕ್ಕೆ ಬರುತ್ತೇನೆ. ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಪಂಚಾಯಿತಿಗಳಿವೆ. ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, ಅಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಯುವುದುಂಟು. ಶಿಬಿರಕ್ಕೆ ಆ ಊರಿನ ಪದವಿ ವಿದ್ಯಾರ್ಥಿಗಿಂತ ಒಳ್ಳೆಯ ಕೈ ಎಲ್ಲಿ ಸಿಗುತ್ತದೆ? ಹಾಡಿಗಳ (ಆದಿವಾಸಿ ವಸತಿಗಳ) ಮಕ್ಕಳಿಗೆ ಕಲಿಸಲು ಹೋಗುವವರಿಗೆ ಮಾತ್ರ ಮೊದಲೇ ಒಂದು ಮಾತು ಹೇಳಿ ಕಳುಹಿಸಬೇಕು. ಎರಡು ವಾರ ಬಂದು, ಫೋಟೊ ತೆಗೆಸಿಕೊಂಡು, ಮಾಯವಾಗುವವರು ಆ ಮಕ್ಕಳಿಗೆ ಬೇಡ. ಒಂದೇ ಹಾಡಿ, ಒಂದೇ ಗುಂಪು, ಓದುವುದು ಮತ್ತು ಲೆಕ್ಕ ಎಂಬ ಎರಡೇ ವಿಷಯ. ರಜೆ ಮುಗಿದ ಮೇಲೂ ವಾರಕ್ಕೊಮ್ಮೆ ಹೋಗಲು ಸಾಧ್ಯವಿರುವ ಸ್ಥಳೀಯರಿಗೆ ಮೊದಲ ಆದ್ಯತೆ ಕೊಡಿ.

ಬಿ.ಎ. ಓದುವವರನ್ನು ಎಲ್ಲರೂ ಮರೆಯುತ್ತಾರೆ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿಯೂ ಇದೆ, ಅರೆಭಾಷೆ ಅಕಾಡೆಮಿಯೂ ಇದೆ. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ, ಒಂದೊಂದಕ್ಕೂ ಕಟ್ಟುಪಾಡು, ಹಬ್ಬ, ಹೇಳಿಕೆಗಳಿವೆ. ಊರಿನ ಹಿರಿಯರ ಒಪ್ಪಿಗೆ ಪಡೆದು, ಅವರ ಮಾತನ್ನು ಅವರ ಭಾಷೆಯಲ್ಲೇ ಧ್ವನಿಮುದ್ರಿಸಿ, ಒಂದು ಪ್ರತಿಯನ್ನು ಅವರ ಮನೆಗೇ ಕೊಟ್ಟು, ಕನ್ನಡದಲ್ಲಿ ಸಾರಾಂಶ ಬರೆಯುವುದು ಇತಿಹಾಸದ ವಿದ್ಯಾರ್ಥಿಗೆ ಸಿಗಬಹುದಾದ ಅತ್ಯುತ್ತಮ ತರಬೇತಿ. ಎರವರ, ಜೇನುಕುರುಬರ, ಬೆಟ್ಟಕುರುಬರ ಮಾತುಗಳ ವಿಷಯದಲ್ಲಿ ಈ ಕೆಲಸ ಇನ್ನೂ ತುರ್ತಿನದು, ಅದನ್ನು ಆ ಸಮುದಾಯದ ವಿದ್ಯಾರ್ಥಿಗಳೇ ಮುಂದೆ ನಿಂತು ಮಾಡಬೇಕು.

ಅರಣ್ಯ ಇಲಾಖೆಯಲ್ಲೂ ಕೆಲಸವಿದೆ. ಆನೆ ಓಡಿಸುವ ತಂಡದ ಜೊತೆ ಯಾವ ವಿದ್ಯಾರ್ಥಿಯನ್ನೂ ಕಳುಹಿಸಬಾರದು, ಅದರಲ್ಲಿ ಎರಡು ಮಾತಿಲ್ಲ. ಬೆಳೆ ನಷ್ಟದ ಅರ್ಜಿಗಳನ್ನು ಊರು, ತಿಂಗಳು, ಬೆಳೆವಾರು ಜೋಡಿಸಿ ಆನೆ ಎಲ್ಲಿ ಯಾವಾಗ ಇಳಿಯುತ್ತದೆ ಎಂದು ನಕ್ಷೆಯ ಮೇಲೆ ತೋರಿಸುವುದು ಕಚೇರಿಯೊಳಗೇ ಆಗುವ ಕೆಲಸ. ಹೊರಗಿನ ಕೆಲಸವಿದ್ದ ಯಾವ ಇಲಾಖೆಯೇ ಇರಲಿ, ಸಂಜೆ ಐದರೊಳಗೆ ಮಕ್ಕಳು ಮನೆ ಸೇರುವಂತಿರಬೇಕು. ಸಿದ್ದಾಪುರ, ಪಾಲಿಬೆಟ್ಟ, ಮಾಲ್ದಾರೆಯ ಕಡೆಯ ತಂದೆ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಕೇಳಿದ ಮೇಲೆ ಷರತ್ತುಗಳನ್ನೂ ಹೇಳಬೇಕು. ವಿದ್ಯಾರ್ಥಿಯನ್ನು ಜೆರಾಕ್ಸ್ ತರಲು, ಫೈಲ್ ಹೊರಲು ಬಳಸುವುದಾದರೆ ಈ ಯೋಜನೆ ಬೇಡವೇ ಬೇಡ. ಹೊರಗುತ್ತಿಗೆಯ ಡೇಟಾ ಎಂಟ್ರಿ ಸಿಬ್ಬಂದಿಯನ್ನು ಕೈಬಿಟ್ಟು ಆ ಜಾಗಕ್ಕೆ ಪುಕ್ಕಟೆ ಮಕ್ಕಳನ್ನು ಕೂರಿಸುವುದಂತೂ ಅನ್ಯಾಯ. ಪ್ರತಿ ವಿದ್ಯಾರ್ಥಿಗೂ ಒಬ್ಬ ಮಾರ್ಗದರ್ಶಕರ ಹೆಸರಿರಲಿ, ವಾರಕ್ಕೊಮ್ಮೆ ಅರ್ಧ ಗಂಟೆ ಅವರು ಕೂತು ಮಾತನಾಡಲಿ. ಕೊನೆಗೆ ಕೊಡುವ ಪತ್ರದಲ್ಲಿ "ತೃಪ್ತಿಕರವಾಗಿ ಪೂರೈಸಿದ್ದಾರೆ" ಎಂಬ ಅಚ್ಚಾದ ಸಾಲಿನ ಬದಲು ಏನು ಮಾಡಿದರು ಎಂಬ ನಾಲ್ಕು ಸಾಲನ್ನು ಮಾರ್ಗದರ್ಶಕರೇ ಬರೆಯಲಿ. ಆ ನಾಲ್ಕು ಸಾಲು ಹುಡುಗಿಯೊಬ್ಬಳನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯಬಲ್ಲವು.

ಹಣದ ಮಾತು ತಪ್ಪಿಸಲಾಗದು. ದೊಡ್ಡ ಗೌರವಧನ ಕೇಳುತ್ತಿಲ್ಲ. ಬಸ್ ಖರ್ಚು ಮತ್ತು ಮಧ್ಯಾಹ್ನದ ಊಟ ಸಿಗಲೇಬೇಕು. ವಿದ್ಯಾರ್ಥಿ ಬಸ್ ಪಾಸ್ ಶೈಕ್ಷಣಿಕ ವರ್ಷಕ್ಕೆ ಸೀಮಿತ, ರಜೆಯಲ್ಲಿ ಅದು ಕೆಲಸಕ್ಕೆ ಬಾರದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾಗಿದೆ, ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಆದ್ದರಿಂದ ಮನೆಯ ಹತ್ತಿರದ ಕಚೇರಿಯಲ್ಲೇ ಜಾಗ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಉಳಿದರ್ಧಕ್ಕೆ ಬೆಳೆಗಾರರ ಸಂಘಗಳು, ಸಹಕಾರ ಸಂಘಗಳು, ಹಳೆಯ ವಿದ್ಯಾರ್ಥಿಗಳು ಕೈಜೋಡಿಸುತ್ತಾರೆ ಎಂಬ ನಂಬಿಕೆ ನನಗಿದೆ. ಕೇಳುವವರು ಜಿಲ್ಲಾಧಿಕಾರಿಗಳಾದರೆ ಇಲ್ಲ ಎನ್ನುವವರು ಕಡಿಮೆ.

ಮನೆಯಿಂದಲೇ ಆನ್‌ಲೈನ್ ಇಂಟರ್ನ್‌ಶಿಪ್ ಮಾಡಬಹುದಲ್ಲ ಎನ್ನುವವರಿಗೆ ಜೂನ್ ಕೊನೆಯಲ್ಲಿ ಭಾಗಮಂಡಲಕ್ಕೋ ಶಾಂತಳ್ಳಿಗೋ ಬಂದು ನೋಡಿ ಎಂದು ಹೇಳುತ್ತೇನೆ. ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಪದವಿಯ ಪರೀಕ್ಷೆಗಳು ಜೂನ್, ಜುಲೈಗೆ ಜಾರುವ ವರ್ಷಗಳಲ್ಲಿ ರಜೆ ಎಂದರೆ ಮಳೆಗಾಲವೇ. ಅಂಥ ಹೊತ್ತಿನಲ್ಲಿ ಕರೆಂಟ್ ಇರುವ ಒಂದು ಮೇಜು, ಒಂದು ಕುರ್ಚಿಯನ್ನು ಅರಿವು ಕೇಂದ್ರದಲ್ಲಿ ಬಿಟ್ಟುಕೊಟ್ಟರೂ ಉಪಕಾರವೇ.

ಈ ಪತ್ರ ವಿದ್ಯಾರ್ಥಿಗಳ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ಅವರ ಜೊತೆಗೂ ಮಾತನಾಡುತ್ತೇನೆ.

ಮಕ್ಕಳೇ, ಅಧಿಕಾರಿಗಳು ಒಪ್ಪುವವರೆಗೆ ಕೈಕಟ್ಟಿ ಕೂರಬೇಡಿ. ಇಂಟರ್ನ್‌ಶಿಪ್ ಸಿಗದಿರುವುದು ನಿಮ್ಮ ಯೋಗ್ಯತೆಯ ತೀರ್ಪಲ್ಲ, ಬಹಳ ಸಲ ಅದು ಅಂತರದ ಮತ್ತು ಪರಿಚಯದ ಲೆಕ್ಕ. ಸಹಪಾಠಿಗಳು ಹಾಕುವ ಕಂಪನಿಯ ಗುರುತಿನ ಚೀಟಿಯ ಫೋಟೊ ನೋಡಿ ಕೊರಗುವ ಬದಲು ರಜೆ ಮುಗಿಯುವಾಗ ಇನ್ನೊಬ್ಬರ ಕೈಗೆ ಕೊಟ್ಟು "ಇದು ನಾನು ಮಾಡಿದ್ದು" ಎನ್ನಬಹುದಾದ ಒಂದೇ ಒಂದು ವಸ್ತುವನ್ನು ಗುರಿಯಾಗಿಟ್ಟುಕೊಳ್ಳಿ. ವರದಿ ಇರಲಿ, ನಕ್ಷೆ ಇರಲಿ, ಸಣ್ಣ ಆ್ಯಪ್ ಇರಲಿ, ಲೆಕ್ಕಪುಸ್ತಕ ಇರಲಿ. ಹತ್ತು ಅರ್ಧಂಬರ್ಧ ಕೋರ್ಸ್‌ಗಳಿಗಿಂತ ಮುಗಿದ ಒಂದು ಕೆಲಸ ದೊಡ್ಡದು. ಕಲಿಯಲೇಬೇಕಾದ ತಂತ್ರಾಂಶವೋ ಕೌಶಲವೋ ಇದ್ದರೆ ಐಐಟಿಗಳ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಉಚಿತ, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳಲ್ಲಿ ಕನ್ನಡದಲ್ಲೇ ಕೇಳಿಸಿಕೊಂಡು ಕಲಿಯುವಂಥವೂ ಇವೆ. ಆದರೆ ಪಾಠ ಕೆಲಸದ ಸಲುವಾಗಿ ಇರಲಿ, ಪ್ರಮಾಣಪತ್ರದ ಸಲುವಾಗಿ ಬೇಡ.

ಕಚೇರಿಗೆ ಹೋಗುವಾಗ "ಏನಾದರೂ ಕೆಲಸ ಇದೆಯೇ" ಎಂದು ಕೇಳಬೇಡಿ. ಆ ಪ್ರಶ್ನೆಗೆ "ಇಲ್ಲ" ಎನ್ನುವುದು ಸುಲಭ. ಒಂದು ಪುಟದ ಅರ್ಜಿ ಒಯ್ಯಿರಿ: ನಾನು ಇಂಥವರು, ಇಷ್ಟು ವಾರ ಬಿಡುವಿದ್ದೇನೆ, ತಮ್ಮಲ್ಲಿ ಈ ಕೆಲಸ ಬಾಕಿ ಇರುವುದನ್ನು ಕಂಡಿದ್ದೇನೆ, ಇದನ್ನು ಹೀಗೆ ಮಾಡಿಕೊಡಬಲ್ಲೆ. ಜೊತೆಗೆ ಕಾಲೇಜಿನ ಪತ್ರ. ಹತ್ತು ದಿನ ಬಿಟ್ಟು ಮತ್ತೆ ಹೋಗಿ. ಸಾಹೇಬರು ಸಭೆಯಲ್ಲಿದ್ದರೆ ಕಾಯಿರಿ. ಹಣ ಕಟ್ಟು ಎನ್ನುವ ಇಂಟರ್ನ್‌ಶಿಪ್ ಕಡೆ ತಿರುಗಿಯೂ ನೋಡಬೇಡಿ. ನವೆಂಬರ್‌ನಲ್ಲಿ ಬರುವ ಫೆಲೋಶಿಪ್ ಅರ್ಜಿಗಳಿಗೆ ಬೇಕಾಗುವ ಶಿಫಾರಸು ಪತ್ರವನ್ನು ಅಧ್ಯಾಪಕರಲ್ಲಿ ಸೆಪ್ಟೆಂಬರ್‌ನಲ್ಲೇ ಕೇಳಿ, ನಾವು ಸಂತೋಷದಿಂದ ಬರೆಯುತ್ತೇವೆ.

ರಜೆಯಲ್ಲಿ ಕೂಲಿಗೆ ಹೋಗುವವರು, ಹೋಂಸ್ಟೇಯಲ್ಲಿ ದುಡಿಯುವವರು, ಎಸ್ಟೇಟ್ ರೈಟರ್ ಆಗಿ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಬರೆಯುವವರು ಅದನ್ನು ಯಾಕೆ ಮುಚ್ಚಿಡುತ್ತೀರಿ? ನಲವತ್ತು ಜನರ ಹಾಜರಿ, ಮುಂಗಡ, ವಾರದ ಬಟವಾಡೆಯನ್ನು ಜಗಳವಿಲ್ಲದೆ ನಡೆಸಿದವನಿಗೆ ಮಾನವ ಸಂಪನ್ಮೂಲದ ಬಗ್ಗೆ ಬಹಳ ಗೊತ್ತಿದೆ. ಪ್ರವಾಸಿಗರ ಹಂಗಾಮಿನಲ್ಲಿ ಒಂದು ಹೋಂಸ್ಟೇಯ ಬುಕಿಂಗ್, ಅಡುಗೆ ಸಾಮಾನು, ಜಿಎಸ್‌ಟಿ ನೋಡಿಕೊಂಡವಳು ವ್ಯವಹಾರ ನಿರ್ವಹಣೆಯನ್ನು ಕಲಿತಿದ್ದಾಳೆ. ಸ್ವವಿವರದಲ್ಲಿ ಇದನ್ನು ತಲೆ ಎತ್ತಿ ಬರೆಯಿರಿ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳಲು ಬಂದವರಿಗೆ ನಾನು ಬೇರೆ ಯಾವ ಕೆಲಸವನ್ನೂ ಹೇಳಲಾರೆ. ಆ ಬೇಸಿಗೆಗೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ಮತ್ತೆ ತಮ್ಮ ಕಡೆಗೆ ಬರುತ್ತೇನೆ, ಮಾನ್ಯರೇ. ಡಿಸೆಂಬರ್‌ನಲ್ಲಿ ಮಡಿಕೇರಿಯಲ್ಲಿ ಒಂದು ಸಭೆ ಕರೆಯಿರಿ. ಇಲಾಖೆಗಳ ಜಿಲ್ಲಾ ಮುಖ್ಯಸ್ಥರು, ಚೆಟ್ಟಳ್ಳಿ, ಅಪ್ಪಂಗಳ, ಗೋಣಿಕೊಪ್ಪ, ಪೊನ್ನಂಪೇಟೆಯ ವಿಜ್ಞಾನಿಗಳು, ಎಲ್ಲ ಕಾಲೇಜುಗಳ ಪ್ರಾಂಶುಪಾಲರು ಇರಲಿ. ಕುಶಾಲನಗರದ ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳವರನ್ನೂ ಮರೆಯದೆ ಕರೆಯಿರಿ. ಪ್ರತಿಯೊಬ್ಬರೂ ತಮ್ಮಲ್ಲಿ ವರ್ಷಗಳಿಂದ ಬಾಕಿ ಉಳಿದ ಒಂದು ಕೆಲಸದ ಹೆಸರು ಹೇಳಲಿ. ವಿದ್ಯಾರ್ಥಿಗಳ ಆಯ್ಕೆ, ಹಾಜರಿ, ಕಾಲೇಜಿನ ಪತ್ರ, ವಿಮೆ, ಪಾಲಕರ ಒಪ್ಪಿಗೆ ಇವುಗಳ ಹೊಣೆಯನ್ನು ಕಾಲೇಜುಗಳು ಹೊರಬೇಕು. ನನ್ನ ಪಾಲಿನದ್ದನ್ನು ಹೊರಲು ನಾನು ಸಿದ್ಧಳಿದ್ದೇನೆ, ಜೊತೆಯ ಅಧ್ಯಾಪಕರಲ್ಲೂ ಕೇಳಿಕೊಳ್ಳುತ್ತೇನೆ. ಮೊದಲ ವರ್ಷ ಹತ್ತು ಕಚೇರಿಗಳು ಒಪ್ಪಿದರೂ ಸಾಕು, ಕೆಲಸದ ವಿವರ ಜನವರಿಯೊಳಗೆ ನಮ್ಮ ಕೈಗೆ ಬರಲಿ.

ವಂದನೆಗಳೊಂದಿಗೆ,
ಕೊಡಗಿನ ಪದವಿ ಕಾಲೇಜೊಂದರ ಅರ್ಥಶಾಸ್ತ್ರ ಅಧ್ಯಾಪಕಿ